ನಾಲ್ಕನೆಯ ಮಹಡಿಯ ಹಾಸಿಗೆ

ಗಾಲಾಝಿಯೊ ಹೋಟೆಲಿನ ನಾಲ್ಕನೆಯ ಮಹಡಿ ಕಟ್ಟುವಾಗ ರೊಡಾಂಥಿಯ ಅಪ್ಪ ಸಾರುವೆಯಿಂದ ಬಿದ್ದು ಸತ್ತ. ಆ ದಿನ ಅವನು ಕೆಲಸಕ್ಕೇ ಬಂದಿರಲಿಲ್ಲ ಎಂದು ಹೋಟೆಲಿನವರು ಹೇಳಿಕೆ ಕೊಟ್ಟರು.

ಮರುವರ್ಷದ ಬೇಸಿಗೆಗೆ ಹೋಟೆಲು ತೆರೆಯಿತು. ಕಡಲತೀರದ ಊರಾದ ಹೆರ್ಸೋನಿಸ್ಸೋಸ್‌ನಲ್ಲಿ ಬೇರೆಲ್ಲೂ ಕೆಲಸ ಸಿಗದೆ ರೊಡಾಂಥಿ ಅದೇ ಮಹಡಿಯ ಕೋಣೆಗಳನ್ನು ಸ್ವಚ್ಛಮಾಡಲು ಸೇರಿದಳು. ಅವಳು ಯಾರ ಮಗಳೆಂದು ಮ್ಯಾನೇಜರ್ ವಾರ್ದಾಕಿಸ್‌ಗೆ ಗೊತ್ತಿತ್ತು. ಬಾಯಿ ಬಿಡಬಾರದೆಂದು ಹೇಳಿಯೇ ಕೆಲಸ ಕೊಟ್ಟಿದ್ದ.

ಮನೂಸೋಸ್ ಬಂದದ್ದು ಜುಲೈನಲ್ಲಿ. ಬೆಟ್ಟದ ಊರಿನವನು, ಲಿರಾ ಎಂಬ ತಂತಿವಾದ್ಯವನ್ನು ಕಮಾನಿನಿಂದ ನುಡಿಸುವವನು. ಹೊರದೇಶದವರು ಇಲ್ಲಿಗೆ ಬಂದು ಮದುವೆಯಾಗುವ ಕಾಲ ಮುಗಿಯುವವರೆಗೂ ಆ ಮದುವೆಗಳಲ್ಲಿ ನುಡಿಸಲು ಅವನಿಗೆ ಹೋಟೆಲಿನಲ್ಲೇ, ಅವಳ ಮಹಡಿಯಲ್ಲೇ ಕೋಣೆ. ಕೆಳಗೆ ಬೀದಿಯಲ್ಲಿ ಬಾರುಗಳ ಗದ್ದಲ, ಬಾಡಿಗೆ ಸ್ಕೂಟರ್‌ಗಳ ಚೀರಾಟ; ಮೇಲೆ ಬಿಳಿ ಗೋಡೆ, ಬಿಳಿ ಪರದೆ, ಬೆವರೇ ಗೊತ್ತಿಲ್ಲದ ತಂಪು.

ಮೊದಲ ದಿನ ರೊಡಾಂಥಿ ಬಾಗಿಲು ತಟ್ಟಿ ಒಳಗೆ ಹೋದರೆ ಹಾಸಿಗೆ ಆಗಲೇ ಹಾಸಿತ್ತು. ಒಂದು ಸುಕ್ಕೂ ಇಲ್ಲ.

"ಏನ್ರೀ, ನನ್ನ ಕೆಲಸ ಕಿತ್ಕೊಳ್ಳೋಕೆ ಬಂದಿದ್ದೀರಾ?"

"ಅಮ್ಮ ಕಲಿಸಿದ್ದು. ಎದ್ದೋನೇ ಹಾಸಬೇಕು ಅಂತ."

"ನಿಮ್ಮಮ್ಮ ನಂಗೆ ಸಂಬಳ ಕೊಡಲ್ಲ. ನಾಳೆಯಿಂದ ಹಾಗೇ ಬಿಟ್ಟುಬಿಡಿ."

ಮರುದಿನ ಹೊದಿಕೆ ಫ್ಯಾನಿಗೆ ಸುತ್ತಿಕೊಂಡಿತ್ತು, ದಿಂಬುಗಳು ಬಾಲ್ಕನಿಯ ಕಟ್ಟೆಯ ಮೇಲೆ ಕೂತಿದ್ದವು. ಅವನು ಏನೂ ಅರಿಯದವನಂತೆ ಕಮಾನಿಗೆ ರಾಳ ಉಜ್ಜುತ್ತಿದ್ದ. ರೆಪ್ಪೆ ಎತ್ತಲಿಲ್ಲ. ತುಟಿಯ ಒಂದು ಕೊನೆ ಮಾತ್ರ ಸುಮ್ಮನಿರಲಾರದೆ ಅದುರುತ್ತಿತ್ತು.

"ನಮ್ಮಪ್ಪ ನೋಡಿದ್ರೆ ನಿನ್ನ ಕೈ ಮುರೀತಾನೆ," ಎಂದಳು. 'ನೀವು' ಯಾವಾಗ ಜಾರಿಹೋಯಿತೋ ಗೊತ್ತಾಗಲಿಲ್ಲ. ಅಪ್ಪ ಇದ್ದಾನೆಂಬಂತೆ ಆಡಿದ್ದೂ ಹಾಗೆಯೇ ಜಾರಿದ್ದು. ಈ ಹೋಟೆಲಿನೊಳಗೆ ಅವಳ ನಾಲಿಗೆ ಅದಕ್ಕೇ ಪಳಗಿತ್ತು.

"ಮುರೀಲಿ. ಆಮೇಲೆ ನೀನೇ ತುತ್ತು ಕೊಡಬೇಕಾಗುತ್ತೆ."

ಹೀಗೆ ಶುರುವಾಯಿತು. ಒಗೆದ ಬಟ್ಟೆಯ ಗಾಡಿ ಅವನ ಬಾಗಿಲ ಮುಂದೆ ಬಂದಾಗಲೆಲ್ಲ ಅದರ ಚಕ್ರ ಸಿಕ್ಕಿಹಾಕಿಕೊಳ್ಳುತ್ತಿತ್ತು. ಜೊತೆಗೆ ಕೆಲಸ ಮಾಡುವ ಕಲಿಯೋಪಿ, ತಲೆ ನೆರೆತ ಹೆಂಗಸು, "ಆ ಚಕ್ರಕ್ಕೆ ಎಣ್ಣೆ ಹಾಕಿದ್ರೆ ಸಾಲದು ಕಣೇ, ಉಂಗುರ ಹಾಕಬೇಕು," ಎಂದು ಕೆಣಕುತ್ತಿದ್ದಳು.

ಆಗಸ್ಟ್ ಮೊದಲಲ್ಲಿ ಒಂದು ಮದುವೆ ಬಂತು. ಮದುವೆಗೆ ಮುಂಚೆ ಹಾಸಿಗೆ ಹಾಸುವ ಶಾಸ್ತ್ರ. ಮದುವೆಯಾಗದ ಹುಡುಗಿಯರು, ಅದರಲ್ಲೂ ಅಪ್ಪ ಅಮ್ಮ ಇಬ್ಬರೂ ಬದುಕಿರುವವರು, ಹಾಸಬೇಕು. ಮೇಲೆ ಅಕ್ಕಿ, ಗುಲಾಬಿ ಎಸಳು ಚೆಲ್ಲಿ, ಒಂದು ಮಗುವನ್ನು ಉರುಳಿಸಬೇಕು. ಬೆಟ್ಟದ ಊರುಗಳಲ್ಲಿ ನೆಂಟರಿಷ್ಟರು ಸೇರಿ ಮಾಡುವ ಇದನ್ನು ಗಾಲಾಝಿಯೊ ವಿಹಾರಕ್ಕೆ ಬಂದವರಿಗೆ ಮಾರುತ್ತಿತ್ತು. ಕೋಣೆಗೆಲಸದ ಹುಡುಗಿಯರಿಗೆ ಕಸೂತಿ ಅಂಗಿ ತೊಡಿಸಿ ನಿಲ್ಲಿಸುತ್ತಿದ್ದರು. ರೊಡಾಂಥಿ ಮಾತ್ರ ಸೋಪು ತರುವ ನೆಪದಲ್ಲಿ ನೆಲಮಾಳಿಗೆಗೆ ಇಳಿದುಬಿಟ್ಟಳು.

ಮನೂಸೋಸ್ ಬಾಗಿಲಲ್ಲಿ ನಿಂತು ನುಡಿಸುತ್ತಿದ್ದ. ಹಾಸಿಗೆಯ ಸುತ್ತ ಎಲ್ಲ ಹುಡುಗಿಯರೂ ಇದ್ದರು. ಅವಳೊಬ್ಬಳು ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವನ ಹಾಸಿಗೆ ಸುಕ್ಕಿಲ್ಲದೆ ಹಾಸಿತ್ತು. ಅದರ ಮರುದಿನವೂ. ಆಮೇಲೆ ಒಳಗೆ ಬರಬೇಡಿ ಎನ್ನುವ ಚೀಟಿಯೇ ಹಿಡಿಕೆಗೆ ತೂಗಿತು. ರೊಡಾಂಥಿಗೆ ಕೂತಲ್ಲಿ ಕೂರಲಾಗಲಿಲ್ಲ. ದಿಂಬಿನ ಚೀಲ ತಿರುಗಾಮುರುಗಾ ತೊಡಿಸಿದಳು, ಒಂದೇ ಕನ್ನಡಿಯನ್ನು ಮತ್ತೆ ಮತ್ತೆ ಒರೆಸಿದಳು. ಏನು ತಪ್ಪು ಮಾಡಿದೆ ನಾನು?

ಮುಂದಿನ ಮದುವೆಯ ಸಂಜೆ, ಕೆಲಸದವರ ಮೆಟ್ಟಿಲ ಮೇಲೆ ಅವನು ಸಿಕ್ಕಿದ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಲಿರಾ.

"ಎಲ್ಲಿಗೆ?"

"ಇವತ್ತು ನುಡಿಸಿ ಹೊರಡ್ತೀನಿ. ಖಾನ್ಯಾದಲ್ಲಿ ಬೇರೆ ಹೋಟೆಲು ನೋಡಿದೀನಿ. ನಿಮ್ಮ ಯಜಮಾನರಿಗೆ ನನ್ನಿಂದ ಏನೂ ತೊಂದರೆ ಆಗೋದು ಬೇಡ."

"ಯಾವ ಯಜಮಾನರು?"

"ನಿಮ್ಮ ಗಂಡ."

ಅವಳಿಗೆ ನಗು ಬಂತು, ಹಿಂದೆಯೇ ಸಿಟ್ಟು. "ನಂಗೆ ಗಂಡ ಅಂತ ಯಾವ ಕತ್ತೆ ಹೇಳಿದ್ದು?"

"ಯಾರೂ ಹೇಳಲಿಲ್ಲ. ಶಾಸ್ತ್ರ ಗೊತ್ತಿಲ್ಲದಿರೋಕೆ ನಾನೇನು ಪಟ್ಟಣದೋನಾ? ಹಾಸಿಗೆ ಹಾಸೋಕೆ ನೀವು ನಿಲ್ಲಲಿಲ್ಲ. ಅಪ್ಪ ಇದ್ದಾರೆ ಅಂತ ನೀವೇ ಅಂದಿದ್ರಿ. ಅಮ್ಮ ಇರೋದೂ ನಂಗೆ ಗೊತ್ತು. ಮದುವೆಯಾಗಿದೆ ಅಂತಲ್ದೆ ಇನ್ನೇನು ಉಳೀತು?"

ಮೆಟ್ಟಿಲ ಕೆಳಗಿಂದ ಅಡುಗೆಮನೆಯ ಪಾತ್ರೆ ಸದ್ದು ಬರುತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಇವನು ಹೋಗುತ್ತಾನೆ.

"ಅಪ್ಪ ಇಲ್ಲ," ಎಂದಳು. "ಇದೇ ಮಹಡೀಲಿ ಗಾರೆ ಕೆಲಸ ಮಾಡ್ತಾ ಬಿದ್ದ. ಆವತ್ತು ಅವನು ಬಂದೇ ಇರಲಿಲ್ಲ ಅಂದ್ರು ಇವರು. ಅವನ ಚಪ್ಪಲಿ ಮರಳಿನ ಗುಡ್ಡೆ ಪಕ್ಕ ಬಿದ್ದಿತ್ತು, ಅಮ್ಮ ಹೋಗಿ ಎತ್ಕೊಂಡು ಬಂದ್ಲು. ಇಲ್ಲಿ ಅದನ್ನ ಆಡೋ ಹಾಗಿಲ್ಲ. ಅದಕ್ಕೇ ಇದ್ದಾನೆ ಅಂದುಬಿಟ್ಟೆ. ನಿನ್ನ ಹತ್ರಾನೂ."

ಮನೂಸೋಸ್ ಲಿರಾವನ್ನು ಮೆಟ್ಟಿಲ ಮೇಲೆ ಇಟ್ಟ. ತುಂಬ ಹೊತ್ತು ಅವಳ ಕೈಗಳನ್ನೇ ನೋಡಿದ, ಬ್ಲೀಚಿಗೆ ಕೆಂಪಾದ ಬೆರಳುಗಳನ್ನು.

"ನಾನೇ ಕತ್ತೆ," ಎಂದ.

"ಅದು ಗೊತ್ತಿತ್ತು."

"ರೊಡಾಂಥಿ, ನಾನು ಖಾನ್ಯಾಗೆ ಹೋಗಲ್ಲ. ನೀನು ಹೋಗು ಅಂದ್ರೂ ಹೋಗಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಲಿನ ಬಾಗಿಲು ಧಡಕ್ಕನೆ ತೆರೆಯಿತು. ವಾರ್ದಾಕಿಸ್. ತೋಳಿನ ಮೇಲೆ ಕಸೂತಿ ಅಂಗಿ.

"ಇಲ್ಲಿದ್ದೀಯಾ! ಒಬ್ಬಳು ಹುಷಾರಿಲ್ಲ ಅಂತ ಮನೆಗೆ ಹೋದ್ಲು. ಹಾಕ್ಕೋ ಇದನ್ನ, ಬಾ."

"ನಾನು ನಿಲ್ಲೋ ಹಾಗಿಲ್ಲ, ಸಾರ್. ನಿಮಗೆ ಗೊತ್ತಲ್ಲ."

"ಅವರಿಗೆ ಗೊತ್ತಿಲ್ಲವಲ್ಲ!" ಅಂಗಿಯನ್ನು ಅವಳ ಕೈಗೆ ತುರುಕಿ ಮೊಣಕೈ ಹಿಡಿದು ನಡೆಸಿದ. ಮನೂಸೋಸ್ ಲಿರಾ ಎತ್ತಿಕೊಂಡು ಹಿಂದೆಯೇ ಬಂದ.

ಮದುಮಕ್ಕಳ ಕೋಣೆಯಲ್ಲಿ ಕ್ಯಾಮೆರಾಗಳು, ನಗು, ಅಕ್ಕಿ ತುಂಬಿದ ಬೆಳ್ಳಿ ಬಟ್ಟಲು. ಶಾಸ್ತ್ರವನ್ನು ಓದಿಕೊಂಡು ಬಂದಿದ್ದ ಮದುಮಗಳ ತಾಯಿ, ಅಕ್ಕರೆಯಿಂದ ಒಬ್ಬೊಬ್ಬ ಹುಡುಗಿಯನ್ನೂ ತನ್ನ ಭಾಷೆಯಲ್ಲಿ ಏನೋ ಕೇಳುತ್ತಿದ್ದಳು. ರೊಡಾಂಥಿಯ ಮುಂದೆ ಬಂದು ನಿಂತಳು.

"ಅಪ್ಪ ಅಮ್ಮ ಇಬ್ಬರೂ ಇದ್ದಾರಾ ಅಂತ ಕೇಳ್ತಿದ್ದಾರೆ," ವಾರ್ದಾಕಿಸ್ ನಗುತ್ತಲೇ ಹಲ್ಲುಕಚ್ಚಿ ಹೇಳಿದ. "ಇದ್ದಾರೆ ಅನ್ನು. ಅಷ್ಟೇ. ಇದ್ದಾರೆ ಅಂದು ಹಾಸಿಗೆ ಹಾಸು."

ಬಾಗಿಲಲ್ಲಿದ್ದ ಮನೂಸೋಸ್ ನುಡಿಸುತ್ತಿರಲಿಲ್ಲ. ಕಮಾನು ಕೆಳಗಿಳಿದಿತ್ತು. ಅವನು ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಅವಸರವಿರಲಿಲ್ಲ.

ರೊಡಾಂಥಿ ಕೈಯಲ್ಲೇ ಇದ್ದ ಅಂಗಿಯನ್ನು ಬರಿಯ ಹಾಸಿಗೆಯ ಮೇಲೆ ಹಾಕಿದಳು.

"ಅಪ್ಪ ಇದ್ದಾನೆ ಅನ್ನಲ್ಲ," ಎಂದಳು. ಕೋಣೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ.