ಶುದ್ಧ ನೀರಿನಲ್ಲೂ ನೈಟ್ರೇಟ್

"ಈ ವರದಿಗೆ ನಾನು ಸಹಿ ಹಾಕಲ್ಲ," ಎಂದ ಲ್ಯಾಬಿನವನು.

ಅವಳು ಅವನನ್ನೇ ನೋಡಿದಳು. ನಿನ್ನೆಯವರೆಗೂ ಅವಳು ತಂದ ನೀರಿನ ಬಾಟಲಿ ತೆಗೆದುಕೊಳ್ಳುವಾಗ ಬೇಕೆಂದೇ ಬೆರಳು ತಾಗಿಸಿ, "ಇವತ್ತು ಯಾವ ಬಾವಿ ಬತ್ತಿಸಿ ಬಂದ್ರಿ?" ಎಂದು ಕಣ್ಣಲ್ಲೇ ನಗುತ್ತಿದ್ದವನು. ಈಗ ತಲೆಯೆತ್ತುತ್ತಿಲ್ಲ.

"ಗೊಬ್ಬರದ ಗೋದಾಮಿನವರು ಫೋನ್ ಮಾಡಿದ್ರಾ?"

ಅವನ ಕಿವಿ ಕೆಂಪಾಯಿತು. "ನನ್ನನ್ನ ಅಷ್ಟೇನಾ ತಿಳ್ಕೊಂಡಿರೋದು?"

ಗೋದಾಮಿನ ಹಿಂದಿನ ಬೀದಿಯ ಕೆಟ್ಟ ನೀರು, ಅದರಿಂದ ಹೆಂಗಸರ ಹೆಗಲಿಗೆ ಬೀಳುವ ಹೊರೆ: ಇದೇ ಅವಳ ಪಿಎಚ್‌ಡಿ. ಬಾವಿಯಲ್ಲಿ ಗೊಬ್ಬರದಿಂದ ಇಳಿಯುವ ನೈಟ್ರೇಟ್ ಮಿತಿಮೀರಿದೆ ಎಂದು ಮೊದಲ ಫಲಿತಾಂಶ ಬಂದ ದಿನವೇ ಬೀದಿಗೆ ಓಡಿ, ಮಕ್ಕಳಿಗೆ ಕುಡಿಸಬೇಡಿ ಎಂದಿದ್ದಳು. ಅವರು ನಂಬಿ ಬಾವಿಗೆ ಹಲಗೆ ಮುಚ್ಚಿದ್ದರು. ಆ ನಂಬಿಕೆಯನ್ನು ಕಳೆದುಕೊಂಡರೆ ಪದವಿ ಕಟ್ಟಿಕೊಂಡು ಏನು ಮಾಡುವುದು?

ಅವನು ಬಾಟಲಿಯೊಂದನ್ನು ಮುಂದಿಟ್ಟ. "ಹೋಲಿಸೋಕೆ ಅಂತ ನೀವೇ ತುಂಬಿಸಿ ಕೊಟ್ಟ ಶುದ್ಧ ನೀರು. ಇದರಲ್ಲೂ ಅಷ್ಟೇ ನೈಟ್ರೇಟ್ ಇದೆ. ಬಾಟಲಿಗೆ ಏನು ಹಾಕಿದ್ರಿ?"

"ಎಂದಿನ ಹಾಗೆ. ಕೆಡದಿರಲಿ ಅಂತ ಸ್ವಲ್ಪ ನೈಟ್ರಿಕ್ ಆಸಿಡ್..."

ಹೇಳುತ್ತಲೇ ಅವಳಿಗೆ ಹೊಳೆಯಿತು. ಹಿಂದೆ ಸೀಸದಂಥ ಲೋಹದ ಪರೀಕ್ಷೆಗೆ ನೀರು ಹಿಡಿಯುವಾಗ ಕೈಗಂಟಿದ ರೂಢಿ ಅದು. ಸೀಸಕ್ಕಾದರೆ ಸರಿ. ನೈಟ್ರೇಟ್ ಹುಡುಕುವ ನೀರಿಗೆ ನೈಟ್ರಿಕ್ ಆಸಿಡ್ ಹಾಕುವುದೆಂದರೆ, ತಾನೇ ಕಳ್ಳನನ್ನು ಒಳಗೆ ಕೂರಿಸಿ ಕಳ್ಳ ಸಿಕ್ಕಿದ ಎಂದು ಕೂಗಿದ ಹಾಗೆ.

ಸ್ಟೂಲಿನ ಮೇಲೆ ಕುಸಿದಳು. "ಬೈದುಬಿಡಿ."

"ಬೈಯೋಕೆ ಮನಸ್ಸು ಬರಲ್ಲ. ಅದೇ ನನ್ನ ಕಷ್ಟ."

ಬೀದಿಯವರಿಗೆ ಒಬ್ಬಳೇ ಹೋಗಿ ಹೇಳುತ್ತೇನೆಂದು ಎದ್ದಳು. ಅವನು ಲ್ಯಾಬಿಗೆ ಬೀಗ ಹಾಕಿ ಹಿಂದೆಯೇ ಬಂದ.

ಬಾವಿಯ ಹತ್ತಿರ ಹೆಂಗಸರು ಸೇರಿದರು. ಬೀದಿಗೆಲ್ಲ ಹಿರಿಯಳಾದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು.

"ನಿನ್ನ ಮಾತು ಕೇಳಿ ನನ್ನ ಬಸುರಿ ಮೊಮ್ಮಗಳು ದೂರದ ನಲ್ಲಿಯಿಂದ ನೀರು ಹೊತ್ತಳಲ್ಲ ತಾಯಿ. ಈಗ ನೀರು ಕೆಟ್ಟಿದೆಯೋ ಇಲ್ವೋ ಗೊತ್ತಿಲ್ಲ ಅಂತೀಯಾ?"

ಅವಳು ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಮುಂದೆ ಬಂದ. "ತಪ್ಪು ಲ್ಯಾಬಿನದು ಅಜ್ಜಿ. ನಂದು."

ಅವಳು ಗಕ್ಕನೆ ತಿರುಗಿದಳು. ದಶಾಂಶದ ಮೂರನೇ ಅಂಕಿ ತಪ್ಪಿದರೂ ಊಟ ಬಿಡುವ ಮನುಷ್ಯ, ಇಷ್ಟು ಜನರೆದುರು ಅವಳಿಗಾಗಿ ಸುಳ್ಳು ಹೇಳುತ್ತಿದ್ದ. ಎದೆ ತುಂಬಿ ಬಂತು. ಆದರೂ ಸುಮ್ಮನಿರಲಾಗಲಿಲ್ಲ.

"ಇಲ್ಲ ಅಜ್ಜಿ. ಆಸಿಡ್ ಹಾಕಿದ್ದು ನಾನು. ಇವರು ಕಂಡುಹಿಡಿದವರು."

"ತಪ್ಪಿಗೂ ಪೈಪೋಟಿನಾ ನಿಮ್ಮಿಬ್ಬರದು?"

ಹಿಂದೆ ಯಾರೋ ಕಿಸಕ್ಕೆಂದರು. ಅಜ್ಜಿ ಮಾತ್ರ ನಗಲಿಲ್ಲ. "ಹಲಗೆ ತೆಗೀರಿ. ನಮ್ಮ ಕಣ್ಣೆದುರಿಗೇ ನೀರು ಹಿಡೀರಿ. ಏನು ಬಂದ್ರೂ ಇಬ್ಬರೂ ಇಲ್ಲೇ ಬಂದು ಹೇಳಬೇಕು."

ಇಬ್ಬರೂ ಹಗ್ಗ ಎಳೆದರು.

"ನೀರು ಚೆನ್ನಾಗಿದ್ರೆ ನನ್ನ ಥೀಸಿಸ್ ಕಥೆ ಮುಗೀತು," ಎಂದಳು ಮೆಲ್ಲಗೆ. "ಕೆಟ್ಟಿದ್ರೆ ಇವರ ಕಥೆ. ಏನು ಬರಲಿ ಅಂತ ಬೇಡಿಕೊಳ್ಳೋದೋ ಗೊತ್ತಾಗ್ತಿಲ್ಲ."

"ಚೆನ್ನಾಗಿರಲಿ ಅಂತ. ಥೀಸಿಸ್ ಇನ್ನೊಂದು ಬರೀಬಹುದು. ನಾನು ಜೊತೆಗಿರ್ತೀನಿ."

"ಎಲ್ಲಿವರೆಗೆ?"

"ನೀವು ಸಾಕು ಅನ್ನೋವರೆಗೆ."

ಬಕೆಟ್ ಮೇಲೆ ಬಂತು. ಈ ಸಲ ಆಸಿಡ್ ಹಾಕದೆ ಅವಳು ಬಾಟಲಿ ತುಂಬಿಸಿದಳು. ಎಲ್ಲರೂ ನೋಡುತ್ತಿದ್ದಂತೆಯೇ ಅವನು ಬಾಟಲಿಯ ಸಮೇತ ಅವಳ ಕೈಯನ್ನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಸಾಕು ಅಂತ ನಾನು ಅನ್ನಲ್ಲ," ಎಂದು ಮುಚ್ಚಳ ಬಿಗಿದಳು.