ಶಬ್ದ ನಿಂತ ಜಾಗ

"ಈ ಶಬ್ದಗಳ ಬಾಲ ಸವರು ಅಂತ ನಿನಗೆ ಯಾರು ಹೇಳಿದ್ದು?"

ಸ್ಟುಡಿಯೋ ಬಾಗಿಲು ದೂಡಿಕೊಂಡು ಬಂದ ಸಿಡುಕಿ ಲ್ಯಾಪ್‌ಟಾಪನ್ನು ಸೌಂಡ್ ಇಂಜಿನಿಯರನ ಮುಂದೆ ಕುಕ್ಕಿದಳು. ಸಿಡುಕಿ ಅಂತ ಹೆಸರಿಟ್ಟವನೂ ಇವನೇ, ಪ್ರೀತಿಸುತ್ತಿದ್ದ ಕಾಲದಲ್ಲಿ. ಆ ಕಾಲ ಮುಗಿಯಿತೋ ಇಲ್ಲವೋ, ಅದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಮೆದುಳಿನ ಸಂಶೋಧನೆ ಮಾಡುವ ಲ್ಯಾಬಿನ ಮುಖ್ಯಸ್ಥರು ಪ್ರಯೋಗದ ಶಬ್ದಗಳನ್ನು ಮಾಡಿಕೊಡುವ ಕೆಲಸವನ್ನು ಹೋಗಿ ಹೋಗಿ ಇವನಿಗೇ ಕೊಟ್ಟಿದ್ದರು.

"ಕಿವಿಗೆ ಹಿತವಾಗಿರಲಿ ಅಂತ ಕೊನೆಗೆ ಮೆಲ್ಲಗೆ ಕರಗೋ ಹಾಗೆ ಸ್ವಲ್ಪ ಫೇಡ್ ಕೊಟ್ಟೆ ಕಣೇ. ಅಭ್ಯಾಸ."

"ನಿನ್ನ ಹಿತಕ್ಕಿಷ್ಟು ಬೆಂಕಿ ಹಾಕ! ಶಬ್ದ ಶುರುವಾದಾಗ ಮೆದುಳಿನ ಶ್ರವಣ ಭಾಗ ಒಮ್ಮೆ ಮಿಡಿಯುತ್ತೆ. ಥಟ್ಟನೆ ನಿಂತಾಗ ಇನ್ನೊಮ್ಮೆ. ಆ ಎರಡನೆಯದನ್ನೇ ನಾನು ಹುಡುಕ್ತಿರೋದು. ನೋಡಿಲ್ಲಿ!"

ಪರದೆಯ ಮೇಲಿನ ಗೆರೆ ಶಬ್ದ ಶುರುವಾದಲ್ಲಿ ಗುಡ್ಡದಂತೆ ಎದ್ದಿತ್ತು. ಮುಗಿದಲ್ಲಿ ಚಪ್ಪಟೆ. ಮೆದುಳಿನ ಮಿಡಿತ ಅಳೆಯುವ ತಂತಿಯ ಟೋಪಿ ಹಾಕಿಸಿಕೊಂಡು ಕೂತವರೆಲ್ಲರದ್ದೂ ಇದೇ ಕಥೆ. ಇಡೀ ಚಳಿಗಾಲದ ಕೆಲಸ ನೀರಿನಲ್ಲಿ ಮಾಡಿದ ಹೋಮವಾಗಿತ್ತು.

ಅವನು ಬಗ್ಗಿ ಗೆರೆಯನ್ನೇ ನೋಡಿದ. ಹಾಳಾದವನ ರೆಪ್ಪೆಗಳು ಈಗಲೂ ಅಷ್ಟೇ ಉದ್ದ. ಅದಕ್ಕೂ ಅವಳಿಗೆ ಮೈಯೆಲ್ಲ ಉರಿಯಿತು.

"ಅಂದ್ರೆ, ಮೆಲ್ಲಗೆ ಕರಗಿ ಹೋದ್ರೆ ಆ ಮಿಡಿತ ಏಳೋದೇ ಇಲ್ವಾ?"

"ಎಲ್ಲಿಂದ ಏಳುತ್ತೆ?" ಅವಳ ದನಿ ಒಡೆಯಿತು. "ನೀನು ಕರಗಿ ಹೋಗಿದ್ದು ನನಗೆ ಗೊತ್ತಾಯ್ತಾ? ಮೊದಲು ದಿನಾ ಫೋನು. ಆಮೇಲೆ ಆಗೊಮ್ಮೆ ಈಗೊಮ್ಮೆ. ಆಮೇಲೆ ಬರೀ 'ಬಿಝಿ'. ಯಾವತ್ತು ಬಿಟ್ಟೆ ನೀನು ನನ್ನ? ಆ ದಿನ ತೋರಿಸು, ಕೂತು ಅತ್ತಾದ್ರೂ ಮುಗಿಸ್ತೀನಿ. ಅಮ್ಮ 'ಅವನೆಲ್ಲೇ' ಅಂದ್ರೆ ಇವತ್ತಿಗೂ 'ಕೆಲಸದಲ್ಲಿದ್ದಾನೆ' ಅಂತೀನಿ!"

ಅವನು ತಲೆ ತಗ್ಗಿಸಿದ. "ನೀನು ಮದುವೆ ಮಾತೆತ್ತಿದೆ. ನನಗೆ ಭಯ ಆಯ್ತು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಬೇಡ ಅಂತ ಅನ್ನಿಸಿಯೂ ಇರಲಿಲ್ಲ."

"ಬಾಯಿ ಬರಲಿಲ್ವಂತೆ! ಮೊದಲು ಇದನ್ನ ಸರಿ ಮಾಡು."

ಅವನು ಒಂದು ಶಬ್ದದ ಫೇಡ್ ತೆಗೆದು ನುಡಿಸಿದ. ಸ್ಪೀಕರಿನಿಂದ ಒಂದೇ ಸಮನೆ ಬಂದ ನಾದ ಥಟ್ಟನೆ ನಿಂತಿತು. ಅವಳ ಎದೆ ಧಸಕ್ಕೆಂದಿತು.

"ಹೀಗೆ," ಅಂದಳು. "ನಮ್ಮದನ್ನೂ ಹೀಗೇ ಕತ್ತರಿಸು. ಮುಗೀತು ಅಂತ ಒಂದೇ ಏಟಿಗೆ ಹೇಳಿಬಿಡು."

"ಆಗಲ್ಲ ಕಣೇ ಸಿಡುಕಿ. ನನಗೆ ನೀನು ಬೇಕು."

"ಹಾಗಾದ್ರೆ ಶುರುನಾದ್ರೂ ನೆಟ್ಟಗೆ ಮಾಡು." ಅಮ್ಮನ ನಂಬರ್ ಒತ್ತಿ ಫೋನನ್ನು ಅವನ ಕೈಗೆ ತುರುಕಿದಳು. "ಗೊಣಗಬೇಡ. ಗಟ್ಟಿಯಾಗಿ ಹೇಳು."

ಅತ್ತ ಕಡೆಯಿಂದ "ಹಲೋ?" ಅಂತ ಕೇಳಿಸಿತು. ಇಷ್ಟು ದಿನ ಆಂಟಿ ಅನ್ನುತ್ತಿದ್ದವನು ಬೆವರೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಸ್ಟುಡಿಯೋ ತುಂಬ ಕೇಳುವ ಹಾಗೆ ಹೇಳಿದ:

"ಅತ್ತೆ, ನಾನು."