ಅಮ್ಮನ ಕಿವಿಗೊಂದು ಎಲೆಕಿವಿ

ಕರಿಬೇವಿನ ಕುಡಿಯನ್ನು ಮುರಿದೊಡನೆ ಕುಂಡದಿಂದ ಕೂಗು ಬಂತು: “ಅಯ್ಯೋ!”

ಒಲೆಯ ಮೇಲೆ ಸಾಸಿವೆ ಸಿಡಿಯುತ್ತಿತ್ತು. ವಾರಿಜಾ ಬಾಲ್ಕನಿಯಲ್ಲೇ ನಿಂತುಬಿಟ್ಟಳು. ಐದು ವರ್ಷದ ಮಗಳು ಇಬ್ಬನಿ ಓಡಿಬಂದಳು. “ಅಮ್ಮಾ, ಅದಕ್ಕೆ ನೋವಾಯ್ತು! ನಂಗೆ ಸಾರು ಬೇಡ.”

ಎಲೆಗೆ ಕಚ್ಚಿಸಿದ್ದ ಅಂಗಿಗುಂಡಿಯಷ್ಟು ಸಣ್ಣ ಯಂತ್ರದ ಹೆಸರು ಎಲೆಕಿವಿ. ತೇವ, ಬೆಳಕು ಮತ್ತು ಎಲೆಯೊಳಗಿನ ಕ್ಷೀಣ ವಿದ್ಯುತ್ ಮಿಡಿತವನ್ನು ಅಳೆದು ಅದು ಗಿಡದ ಸ್ಥಿತಿಯನ್ನು ಮಾತಾಗಿಸುತ್ತಿತ್ತು. ಒಣಗಿದರೆ “ನೀರು ಬೇಕು”, ನೆರಳು ಹೆಚ್ಚಾದರೆ “ಬಿಸಿಲು ಬೇಕು”. ಮಕ್ಕಳು ಮನೆಯಲ್ಲೇ ಗಿಡಮರಗಳನ್ನು ಅರಿಯಲಿ ಎಂದು ಇದನ್ನು ರೂಪಿಸಿದವರು ಕೆಳಮನೆಯ ವಿಜ್ಞಾನಿ ಸಬೀಹಾ. ಮೊದಲ ಯಂತ್ರವನ್ನು ಇಬ್ಬನಿಗೇ ಕೊಟ್ಟಿದ್ದರು.

ಅಂದಿನಿಂದ ಇಬ್ಬನಿ ಸೊಪ್ಪು, ಪಲ್ಯ, ಸಾರು ಯಾವುದನ್ನೂ ಮುಟ್ಟಲಿಲ್ಲ. ಬರೀ ಮೊಸರನ್ನ, ಅದರಲ್ಲೂ ಕೊತ್ತಂಬರಿ ಇದೆಯೇ ಎಂದು ಕೆದಕುತ್ತಿದ್ದಳು. ಮಗುವಿನ ಕೆನ್ನೆ ಸೊರಗಿದ್ದನ್ನು ಕಂಡು ವಾರಿಜಾ ಸಬೀಹಾರನ್ನು ಕರೆತಂದಳು.

“ಪುಟ್ಟಾ, ಅದು ನೋವಲ್ಲ. ಕಿತ್ತಾಗ ಮಿಡಿತ ಜೋರಾಗುತ್ತೆ. ಆಗ ‘ಅಯ್ಯೋ’ ಅನ್ನು ಅಂತ ಯಂತ್ರಕ್ಕೆ ಹೇಳಿಕೊಟ್ಟವಳು ನಾನೇ.”

“ನಿಮ್ಗೆ ಹೇಗೆ ಗೊತ್ತು ಆಂಟಿ? ನೀವೇನು ಗಿಡಾನಾ?”



ನೆಲದ ಮೇಲೆ ಕೂತು ಚಪಾತಿ ಹಿಟ್ಟು ನಾದುತ್ತಿದ್ದ ವಾರಿಜಾ ನಕ್ಕಳು. “ಉತ್ತರ ಕೊಡಿ ಡಾಕ್ಟ್ರೇ!”

ಇಬ್ಬನಿ ಎಲೆಕಿವಿಯನ್ನು ಗಿಡದಿಂದ ಬಿಚ್ಚಿ ತಂದು ಅಮ್ಮನ ಕಿವಿಗೇ ಕಚ್ಚಿಸಿದಳು.

“ನೀರು ಬೇಕು. ಬಿಸಿಲು ಬೇಕು,” ಎಂದಿತು ಅದು.

“ಇದನ್ನ ನಾನು ಯೋಚ್ನೆನೇ ಮಾಡಿರ್ಲಿಲ್ಲ!” ಸಬೀಹಾ ಬೆರಗಾದರು. “ಚರ್ಮದಲ್ಲೂ ತೇವ, ಮಿಡಿತ ಇರುತ್ತಲ್ಲ. ಬೆಳಿಗ್ಗೆಯಿಂದ ಏನಾದ್ರೂ ಕುಡಿದಿದ್ದೀರಾ?”

ವಾರಿಜಾ ನೆನಪಿಸಿಕೊಂಡಳು. ಅರ್ಧ ಲೋಟ ಕಾಫಿ, ಅದೂ ಆರಿದ್ದು.

ಅಷ್ಟರಲ್ಲಿ ಇಬ್ಬನಿ ಗಿಡಕ್ಕೆ ಹಾಕುವ ನೀರನ್ನು ತಂದು ಅಮ್ಮನ ಪಾದಕ್ಕೆ ಸುರಿದೇಬಿಟ್ಟಳು. “ಬೇರು ಅಲ್ಲೇ ತಾನೇ ಇರೋದು?”

ನೆನೆದ ಸೀರೆಯಂಚು ಹಿಂಡಿ, ನೀರಿನ ಲೋಟ ಹಿಡಿದು ವಾರಿಜಾ ಬಾಲ್ಕನಿಯ ಬಿಸಿಲಿಗೆ ಕೂತಳು. ಮಗಳು ಕಾವಲಿಗೆ ನಿಂತಳು. ಆಗ ಕಣ್ಣಿಗೆ ಬಿತ್ತು: ಅಂದು ಮುರಿದ ಜಾಗದಲ್ಲಿ ಎರಡು ಎಳೆ ಚಿಗುರು.

“ಕುಡಿ ಚಿವುಟಿದ್ರೆ ಗಿಡ ಕವಲೊಡೆಯುತ್ತೆ ಕಣೇ,” ಎಂದಳು ವಾರಿಜಾ.

ಇಬ್ಬನಿ ಎರಡೂ ಚಿಗುರನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ನಂತರ ಬಲಿತ ಎಲೆಯೊಂದನ್ನು ತಾನೇ ಮೆಲ್ಲಗೆ ಕಿತ್ತಳು. “ಸಾರಿಗೆ.”

“ಅಯ್ಯೋ!” ಎಂದಿತು ಅಮ್ಮನ ಕಿವಿಯಲ್ಲಿದ್ದ ಯಂತ್ರ.

“ಅಮ್ಮಾ, ನೋವಾಯ್ತಾ?”

“ಇಲ್ಲ ಬಂಗಾರಿ. ಖುಷಿ ಆಯ್ತು, ಅದಕ್ಕೇ ಮಿಡಿತ ಜೋರಾಯ್ತು.”

“ಇವತ್ತೇ ಆ ಕೂಗು ತೆಗೆದುಹಾಕ್ತೀನಿ,” ಎಂದರು ಸಬೀಹಾ.

“ಬೇಡ ಆಂಟಿ, ಇರ್ಲಿ. ಅದು ಕೂಗಿದಾಗೆಲ್ಲ ಏನಾಯ್ತು ಅಂತ ನಾನು ಕೇಳ್ತೀನಿ,” ಎಂದು ಇಬ್ಬನಿ ಎಲೆಯನ್ನು ಅಂಗೈಯಲ್ಲಿ ಹಿಡಿದು ಅಡುಗೆಮನೆಗೆ ನಡೆದಳು.